ಲ್ಯಾಬಿಗೆ ಯಾವ ಗಾಜು: ಬೋರೋಸಿಲಿಕೇಟೋ, ಸೋಡಾ ಲೈಮೋ?

ಬೀಕರನ್ನು ಉರಿಯ ಮೇಲೆ ಇಡ್ತೀರಾ? ಹಾಗಾದರೆ ಬಿಸಿ ತಾಳುವ ಬೋರೋಸಿಲಿಕೇಟ್ 3.3 ಗಾಜನ್ನೇ ಕೊಳ್ಳಿ. ಆ 3.3 ಸುಮ್ನೆ ಹಾಕಿದ ನಂಬರ್ ಅಲ್ಲ, ಬಿಸಿಗೆ ಗಾಜು ಹಿಗ್ಗುವ ಲೆಕ್ಕ: ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 3.3 ಪಾಲು. ಸೋಡಾ ಲೈಮ್, ಅಂದ್ರೆ ಕಿಟಕಿ, ಬಾಟಲಿಗಳ ಮಾಮೂಲಿ ಗಾಜು, ಸುಮಾರು 9 ಪಾಲು ಹಿಗ್ಗುತ್ತದೆ. ಅದನ್ನು ಉರಿಯ ಮೇಲಿಟ್ಟರೆ ತಳ ಕಾದು ಹಿಗ್ಗುತ್ತದೆ, ಮೇಲ್ಭಾಗ ಇನ್ನೂ ತಣ್ಣಗಿರುತ್ತದೆ. ಟಪ್ ಅಂತ ಸದ್ದು, ತಳದ ಸುತ್ತ ಬಿರುಕು, ಬಿಸಿ ದ್ರಾವಣವೆಲ್ಲ ಮೇಜಿನ ಮೇಲೆ. ಮಕ್ಕಳಿರುವ ಲ್ಯಾಬಿನಲ್ಲಿ ಇದು ಬೇಡವೇ ಬೇಡ.

ಸೋಡಾ ಲೈಮ್ ಅಗ್ಗ. ಸ್ಲೈಡ್, ಬಿಸಾಡುವ ಪಿಪೆಟ್, ರೀಏಜೆಂಟ್ (ರಾಸಾಯನಿಕ) ಬಾಟಲಿಗೆ ಧಾರಾಳವಾಗಿ ಸಾಕು.

ಗಾಜು ಯಾವುದೇ ಇರಲಿ, ಬೀಕರಿನ ಗೆರೆ ನೋಡಿ ಅಳೆಯಬೇಡಿ. ಅದು ಶೇ. 5ರಷ್ಟು ಆಚೀಚೆ ಆಗಬಹುದು. 100 ಮಿ.ಲೀ.ನ ಎ ದರ್ಜೆ ವಾಲ್ಯೂಮೆಟ್ರಿಕ್ ಫ್ಲಾಸ್ಕಿನಲ್ಲಿ (ಕತ್ತಿನಲ್ಲಿ ಒಂದೇ ಗೆರೆ ಇರುವ, ನಿಖರ ಅಳತೆಯ ಫ್ಲಾಸ್ಕ್) ವ್ಯತ್ಯಾಸ 0.1 ಮಿ.ಲೀ. ದಾಟುವುದಿಲ್ಲ. ಜಾಸ್ತಿ ದುಡ್ಡು ಅಲ್ಲಿ ಹಾಕಿ.