ಇನ್ಲೆ ಸರೋವರ: ಹನ್ನೆರಡು ಜನರ ಫೋಟೋ ಟೂರೋ, ನಾಲ್ಕು ಜನರ ದೋಣಿಯೋ?

ಮ್ಯಾನ್ಮಾರ್‌ನ ಇನ್ಲೆ ಸರೋವರಕ್ಕೆ ಎರಡು ಸಲ ಹೋಗಿದ್ದೇನೆ. 2018ರ ಡಿಸೆಂಬರ್‌ನಲ್ಲಿ ಹನ್ನೆರಡು ಜನರ ಫೋಟೋ ಟೂರ್ ಜೊತೆ. 2020ರ ಜನವರಿಯಲ್ಲಿ ನಾಲ್ಕು ಜನ ಗೆಳೆಯರು, ದೋಣಿ, ರೂಮು ಎಲ್ಲಾ ನಾವೇ ಗೊತ್ತು ಮಾಡಿಕೊಂಡು. ಎರಡು ಸಲವೂ ಅದೇ ದೇಶದ ಪುರಾತನ ನಗರ ಬಗಾನ್‌ನ ದೇವಾಲಯಗಳನ್ನು ಸೇರಿಸಿಕೊಂಡಿದ್ದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಾಲ್ಕು ಜನರ ದೋಣಿಗೆ. ಮನೆಯ ಗೋಡೆಗೆ ಹಾಕಿರುವ ಮೂರು ಚಿತ್ರಗಳೂ ಅದರಲ್ಲಿ ಕೂತು ತೆಗೆದವು.

ವ್ಯತ್ಯಾಸ ಇದ್ದದ್ದೇ ದೋಣಿಯಲ್ಲಿ.

ಇನ್ಲೆಯ ಬಾಡಿಗೆ ದೋಣಿ ಉದ್ದ, ಆದರೆ ತುಂಬಾ ಕಿರಿದು. ಕುರ್ಚಿಗಳು ಒಂದರ ಹಿಂದೆ ಒಂದು. ಮುಂದೆ ಕೂತವರಿಗೆ ಎದುರಿನ ನೋಟ ಪೂರ್ತಿ ಸಿಗುತ್ತದೆ. ಹಿಂದಿನವರಿಗೆ ಮುಂದಿನವರ ಟೋಪಿ. ಎದ್ದು ನಿಲ್ಲೋಣ ಅಂದರೆ ದೋಣಿ ಓಲಾಡುತ್ತದೆ. ಟೂರ್‌ನಲ್ಲಿ ಮೊದಲ ದಿನ ಯಾರು ಎಲ್ಲಿ ಕೂತರೋ ಮೂರು ದಿನವೂ ಅಲ್ಲೇ. ನನಗೆ ಸಿಕ್ಕಿದ್ದು ಕೊನೆಯ ಕುರ್ಚಿ, ಬೆನ್ನ ಹಿಂದೆಯೇ ಎಂಜಿನ್.

ಹನ್ನೆರಡು ಜನ ಅಂದರೆ ಮೂರು ದೋಣಿ. ಅಲ್ಲಿನ ‘ಇಂಥಾ’ ಎಂಬ ಸಮುದಾಯದವರು ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲಿಗೆ ಹುಟ್ಟು ಸುತ್ತಿಕೊಂಡು ದೋಣಿ ನಡೆಸುತ್ತಾರೆ. ಬೆಳಗಿನ ಮಂಜು, ಅಲುಗಾಡದ ನೀರು, ಅದರಲ್ಲಿ ಮೀನುಗಾರನ ನೆರಳು. ನಾವೆಲ್ಲ ಹೋದದ್ದೇ ಅದಕ್ಕೆ. ಆದರೆ ಮೂರು ಎಂಜಿನ್ ಒಟ್ಟಿಗೆ ಹತ್ತಿರ ಬಂದರೆ ನೀರು ನಿಲ್ಲುವುದು ಹೇಗೆ? ಪ್ರತಿಬಿಂಬ ಚೂರುಚೂರು. ಅಲೆ ಇಳಿಯಲು ಕಾಯುವಷ್ಟರಲ್ಲಿ ಇನ್ನೊಂದು ದೋಣಿ ಒಳ್ಳೆಯ ಜಾಗ ಹುಡುಕುತ್ತಾ ಮತ್ತೆ ಎಂಜಿನ್ ಹಾಕುತ್ತಿತ್ತು. ನನ್ನ ಫ್ರೇಮಿನಲ್ಲಿ ಅವರ ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಅವರ ಫ್ರೇಮಿನಲ್ಲಿ ನಮ್ಮದು.

ಜೊತೆಗೆ ಹೋಟೆಲ್ ತಿಂಡಿ ಮುಗಿಸಿಯೇ ಹೊರಡಬೇಕು. ಜನವರಿಯ ಆಸುಪಾಸು ಅಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂವರೆಗೆ. ನಾವು ನೀರಿಗೆ ಇಳಿಯುವಾಗ ಏಳೂವರೆ. ಮಂಜು ಕರಗಿ, ಬೆಳಕು ಬಿಳಿಯಾಗಿತ್ತು. ಗೈಡ್ ಮೊದಲೇ ಹೇಳಿಟ್ಟಿದ್ದ ಮೀನುಗಾರರು ದೊಡ್ಡ ಬಿದಿರಿನ ಬುಟ್ಟಿ ಎತ್ತಿ ಒಂದೇ ಭಂಗಿಯಲ್ಲಿ ನಿಂತರು. ಅವರ ದುಡಿಮೆ ಅದು, ಕೊಟ್ಟ ಹಣದ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಸಂಜೆ ಎಲ್ಲರ ಚಿತ್ರ ನೋಡಿದರೆ ಹನ್ನೆರಡು ಕ್ಯಾಮೆರಾದಲ್ಲೂ ಒಂದೇ ಫೋಟೋ. ಅವತ್ತು ನನಗೆ ನಿಜಕ್ಕೂ ದುಃಖವಾಯಿತು.

ಎರಡನೇ ಸಲ ಹಿಂದಿನ ಸಂಜೆಯೇ ನ್ಯಾಂಗ್‌ಶ್ವೆ ಊರಿನ ದೋಣಿಕಟ್ಟೆಗೆ ಹೋದೆವು. ಭಾಷೆ ಬರದು. ಫೋನಿನಲ್ಲಿ ಫೋಟೋ ತೋರಿಸಿ, ಕೈಸನ್ನೆ ಮಾಡಿ, ಐದೂವರೆಗೆ ಹೊರಡುವುದು ಅಂತ ಒಪ್ಪಿಸಿದೆವು. ಕೈ ಎತ್ತಿದರೆ ಎಂಜಿನ್ ನಿಲ್ಲಿಸಬೇಕು ಅನ್ನುವುದೂ ಅವರಿಗೆ ಅರ್ಥವಾಯಿತು. ಗಂಟೆಗೊಮ್ಮೆ ನಾವು ಕುರ್ಚಿ ಬದಲಿಸುತ್ತಿದ್ದೆವು. ಚಳಿ ಜಾಸ್ತಿ, ಬೆರಳು ಮರಗಟ್ಟಿತ್ತು. ದೋಣಿಯವರು ದೂರದಲ್ಲೇ ಎಂಜಿನ್ ನಿಲ್ಲಿಸಿ, ಉಳಿದಷ್ಟು ದೂರ ಸದ್ದಿಲ್ಲದೆ ಹುಟ್ಟು ಹಾಕಿದರು. ಅಲ್ಲೊಬ್ಬರು ಬಲೆ ಬಿಟ್ಟು, ಮೀನು ಬಲೆಯ ಕಡೆ ಓಡಲಿ ಅಂತ ಹುಟ್ಟಿನಿಂದ ನೀರಿಗೆ ಬಡಿಯುತ್ತಿದ್ದರು. ಹಾರಿದ ಹನಿಗಳ ಮೇಲೆ ಆಗತಾನೇ ಬಂದ ಬಿಸಿಲು. ನಮ್ಮ ಕಡೆ ಅವರು ತಿರುಗಿಯೂ ನೋಡಲಿಲ್ಲ. ಗೋಡೆಯ ಮೇಲಿನ ಮೊದಲ ಚಿತ್ರ ಅದೇ.

ದೋಣಿಗೆ ದಿನಕ್ಕೆ ಕೊಟ್ಟದ್ದು 20 ಸಾವಿರ ಕ್ಯಾಟ್ (ಅಲ್ಲಿನ ಹಣ), ತಲೆಗೆ ಐದು ಸಾವಿರ. ಇಡೀ ಪ್ರವಾಸದ ಖರ್ಚು ಟೂರ್‌ನ ಅರ್ಧವೂ ಆಗಲಿಲ್ಲ.

ಸರೋವರದ ಪಕ್ಕದ ಇಂದೈನ್ ಹಳ್ಳಿಯ ಹಳೆಯ ಸ್ತೂಪಗಳಿಗೆ ಎರಡು ಸಲವೂ ಒಂದೇ ಕಾಲುವೆ ದಾರಿ. ಅಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ದೇವಾಲಯಗಳ ವಿಷಯದಲ್ಲಿ ಮಾತ್ರ ಟೂರ್ ಗೆಲ್ಲುತ್ತದೆ. ಬಗಾನ್‌ನ ಆನಂದ ದೇವಾಲಯದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಬುದ್ಧ ದೂರದಿಂದ ನಗುತ್ತಾನೆ, ಹತ್ತಿರ ಹೋದರೆ ಗಂಭೀರನಾಗುತ್ತಾನೆ. ಗೈಡ್ ನಮ್ಮನ್ನು ಹಿಂದೆ ಮುಂದೆ ನಡೆಸಿ ಅದನ್ನು ತೋರಿಸಿದರು. ನಾನೊಬ್ಬನೇ ಹೋಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಇನ್ಲೆಯ ಫೌಂಗ್ ಡಾ ಊ ದೇವಾಲಯದಲ್ಲಿ ಚಿನ್ನದ ರೇಕು ಹಚ್ಚಿ ಹಚ್ಚಿ ಐದು ಬುದ್ಧ ಮೂರ್ತಿಗಳು ಉಂಡೆಗಳಂತಾಗಿವೆ. ಮೂರ್ತಿಗಳ ಹತ್ತಿರ ಹೋಗಿ ರೇಕು ಹಚ್ಚಲು ಹೆಂಗಸರಿಗೆ ಅವಕಾಶವಿಲ್ಲ. ಟೂರ್‌ನಲ್ಲಿ ಇದನ್ನು ಮೊದಲೇ ಹೇಳಿದ್ದರು. ಎರಡನೇ ಸಲ ಜೊತೆಗಿದ್ದ ಗೆಳತಿಗೆ ನಾನು ಹೇಳಲು ಮರೆತೆ. ಅವಳು ಮೆಟ್ಟಿಲ ಬಳಿ ಬೋರ್ಡ್ ನೋಡಿ ನಿಂತಳು, ಮುಖ ಸಪ್ಪೆಯಾಯಿತು. ಆ ತಪ್ಪು ನನ್ನದೇ.

ಬಗಾನ್‌ನಲ್ಲಿ ಓಡಾಡಲು ಬಸ್ಸಿಗಿಂತ ಬಾಡಿಗೆ ಇ-ಬೈಕ್ ವಾಸಿ. ದೇವಾಲಯಗಳ ಮೇಲೆ ಹತ್ತುವಂತಿಲ್ಲ, ಹಾಗಾಗಿ ಸೂರ್ಯೋದಯಕ್ಕೆ ಬಸ್ಸುಗಳೆಲ್ಲ ಅದೇ ಕೆಲವು ದಿಬ್ಬಗಳಿಗೆ ಬರುತ್ತವೆ. ಇ-ಬೈಕ್ ಇದ್ದರೆ ಮಣ್ಣುದಾರಿಯಲ್ಲಿ ನಿಮ್ಮದೇ ಜಾಗ ಹುಡುಕಬಹುದು.

ನಾನು ನಸುಕಿನಲ್ಲೇ ಏಳುವವನು, ಒಂದು ಚಿತ್ರಕ್ಕಾಗಿ ಎರಡು ಗಂಟೆ ಕಾಯುವವನು, ಕೈಯಲ್ಲಿ ದುಡ್ಡೂ ಲೆಕ್ಕದ್ದು. ನನಗೆ ನಾಲ್ಕು ಜನರ ದೋಣಿಯೇ ಸರಿ. ಮೊದಲ ಸಲ ಹೊರದೇಶಕ್ಕೆ ಹೋಗುವವರು, ಕಥೆ ಕೇಳುತ್ತಾ ದೇವಾಲಯ ನೋಡುವ ಆಸೆ ಇರುವವರು ಟೂರ್ ಹಿಡಿಯಬಹುದು. ಒಂದು ದೋಣಿಗೆ ಎಷ್ಟು ಜನ, ಕುರ್ಚಿ ಬದಲಿಸುತ್ತಾರಾ ಅಂತ ಮಾತ್ರ ಹಣ ಕಟ್ಟುವ ಮುಂಚೆಯೇ ಕೇಳಿ.

2021ರಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಅಲ್ಲಿಗೆ ಹೋಗುವುದು ಸುಲಭದ ಮಾತಲ್ಲ. 2025ರ ಮಾರ್ಚ್ 28ರ ಭೂಕಂಪದಲ್ಲಿ ಇನ್ಲೆಯ ನೀರಿನ ಮೇಲಿನ ಮನೆಗಳೂ ಕುಸಿದವು. ಸುದ್ದಿ ನೋಡಿದಾಗ ನೆನಪಾದದ್ದು ನಮ್ಮ ದೋಣಿಯವರು. ಮತ್ತೆ ಹೋಗುವ ಕಾಲ ಬಂದರೆ ಹಿಂದಿನ ಸಂಜೆಯೇ ಆ ಕಟ್ಟೆಗೆ ಹೋಗಿ, ಮೊದಲು ಅವರನ್ನೇ ಹುಡುಕುತ್ತೇನೆ.