'ಯಾವ ಕುದುರೆಗಾದ್ರೂ ಆಗುತ್ತೆ ಸಾರ್' ಅಂತ ಜೀನು ಮಾರಲು ಬಂದರೆ ಗೇಟಿನಿಂದಲೇ ಕಳಿಸಿ

ಕೊಡಗಿನಲ್ಲಿ ಹೋಂಸ್ಟೇ ಜೊತೆಗೆ ಒಂದೋ ಎರಡೋ ಕುದುರೆ ಕಟ್ಟಿಕೊಂಡಿರುವವರು ಇದನ್ನು ದಯವಿಟ್ಟು ಓದಿ. ನನಗೆ 42 ಸಾವಿರ ಹೋಯಿತು. ದುಡ್ಡು ಹಾಳಾಗಿ ಹೋಗಲಿ. ಎರಡು ತಿಂಗಳು ನನ್ನ ಕುದುರೆಗೆ ನಾನೇ ಹಿಂಸೆ ಕೊಟ್ಟೆ, ಅದೂ ಅದನ್ನೇ ಬೈದುಕೊಂಡು. ಹೊಟ್ಟೆ ಉರಿಯುವುದು ಅದಕ್ಕೆ.

ನಮ್ಮ ತೋಟ ಸೋಮವಾರಪೇಟೆ ಕಡೆ. ಗೌರಿ ಮಿಶ್ರ ತಳಿಯ ಹೆಣ್ಣು ಕುದುರೆ. ಕುಳ್ಳಿ, ಗುಂಡಗಿದ್ದಾಳೆ, ಬೆನ್ನ ಮೇಲೆ ಚಾಪೆ ಹಾಸಬಹುದು, ಅಷ್ಟು ಅಗಲ. ಹಳೇ ಜೀನು ಮಳೆಗಾಲದಲ್ಲಿ ಬೂಷ್ಟು ಹಿಡಿದು ಹೊಲಿಗೆ ಬಿಟ್ಟಿತ್ತು. ನಮ್ಮ ಮಳೆಯಲ್ಲಿ ಚರ್ಮದ ಸಾಮಾನಿನ ಗತಿ ನಿಮಗೆ ಹೇಳಬೇಕಾ?

ಜನವರಿಯಲ್ಲಿ, ಕೊಯ್ಲಿನ ಗಡಿಬಿಡಿಯ ನಡುವೆ, ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಆಸಾಮಿ ಮರುದಿನವೇ ಜೀಪಿನಲ್ಲಿ ಜೀನು ಹಾಕಿಕೊಂಡು ಬಂದ. ಇಂಗ್ಲೆಂಡಿನ ಮಾಲು, ರೇಸ್ ಕುದುರೆ ಸಾಕುವವರದ್ದು, ಆರೇ ತಿಂಗಳು ಬಳಸಿದ್ದು ಅಂದ. ಆಮೇಲೆ ನೋಡಿದರೆ ಒಳಗಡೆ ಕಾನ್ಪುರದ ಸೀಲು! ಕಾನ್ಪುರದ ಜೀನು ಕೀಳು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಜಿಐ ಟ್ಯಾಗ್ (ಊರಿನ ಹೆಸರಿನ ಮಾಲಿಗೆ ಸಿಗುವ ಸರ್ಕಾರಿ ಮಾನ್ಯತೆ) ಇದೆ, ಹೊರದೇಶಕ್ಕೂ ಹೋಗುತ್ತದೆ. ಸುಳ್ಳು ಯಾಕೆ ಹೇಳಬೇಕಿತ್ತು ಅಂತ ಅಷ್ಟೇ.

ನಾನು ಮೋಸಹೋದ ಗಳಿಗೆ ಇದು. ಅವನು ಮೊದಲು ಒಂದು ದಪ್ಪ ಪ್ಯಾಡ್ ಹಾಸಿದ. ಮೇಲೆ ಜೀನು ಇಟ್ಟ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಮೂಳೆ ಎದ್ದಿರುತ್ತದಲ್ಲ, ವಿದರ್ಸ್ ಅನ್ನುತ್ತಾರೆ, ಅಲ್ಲಿ ಕೈ ತೂರಿಸಿ ತೋರಿಸಿದ. "ಎರಡು ಮೂರು ಬೆರಳು ಜಾಗ ಇದ್ದರೆ ಸಾಕು ಅಂತಾರೆ ಸಾರ್. ಇಲ್ಲಿ ನೋಡಿ, ಇಡೀ ಮುಷ್ಟಿ ಹೋಗ್ತಿದೆ!" ನಾನೂ ಅಷ್ಟು ವಿಡಿಯೋ ನೋಡಿಕೊಂಡಿದ್ದೆ, ಎರಡು ಮೂರು ಬೆರಳು ಅಂತ. ಮುಷ್ಟಿಯೇ ಹೋದ ಮೇಲೆ ಇನ್ನೇನು ಬೇಕು ಅಂದುಕೊಂಡೆ. ತಲೆಯಾಡಿಸಿದೆ. ದುಡ್ಡು ಹಾಕಿದೆ. ಬಿಲ್ ಕೇಳಲಿಲ್ಲ. ಕಾಫಿ ಬೇರೆ ಕುಡಿಸಿ ಕಳಿಸಿದೆ.

ಒಂದು ವಾರಕ್ಕೆ ಗೌರಿ ಬದಲಾದಳು. ಜೀನು ಕಂಡರೆ ಕಿವಿ ಹಿಂದಕ್ಕೆ. ಹೊಟ್ಟೆ ಪಟ್ಟಿ ಬಿಗಿಯುವಾಗ ನನ್ನ ತೋಳು ಕಚ್ಚಲು ಬಂದಳು. ಇಳಿಜಾರು ಬಂದರೆ ನಿಂತುಬಿಡುತ್ತಿದ್ದಳು, ನಮ್ಮ ತೋಟದಲ್ಲಿ ಇಳಿಜಾರು ಬಿಟ್ಟರೆ ಇನ್ನೇನಿದೆ? ಲಾಯ ನೋಡಿಕೊಳ್ಳುವ ಹುಡುಗ "ಅಣ್ಣಾ, ಅದಕ್ಕೆ ಎಲ್ಲೋ ನೋಯ್ತಿದೆ" ಅಂದ. ನಾನು "ಸೊಕ್ಕು ಕಣೋ" ಅಂದು ಹುರುಳಿ ಕಮ್ಮಿ ಮಾಡಿಸಿದೆ. ಕೋಲಿನಿಂದ ಎರಡು ಏಟೂ ಕೊಟ್ಟಿದ್ದೇನೆ. ಹೌದು, ಕೊಟ್ಟಿದ್ದೇನೆ.

ಮಾರಿದವನಿಗೆ ಫೋನ್ ಮಾಡಿದೆ. "ಹೊಸ ಜೀನಲ್ವಾ ಸಾರ್, ಒಗ್ಗಿಕೊಳ್ಳುತ್ತೆ." ಆರೇ ತಿಂಗಳು ಬಳಸಿದ್ದು ಹೊಸದು ಹೇಗಾಯಿತೋ! ಮುಂದಿನ ವಾರ ಸವಾರಿ ಮುಗಿಸಿ ಜೀನು ಇಳಿಸಿದಾಗ ಬೆನ್ನೆಲ್ಲಾ ಬೆವರಿತ್ತು, ಹೆಗಲ ಹಿಂದೆ ಎರಡೂ ಕಡೆ ಅಂಗೈಯಷ್ಟು ಜಾಗ ಮಾತ್ರ ಒಣಗಿತ್ತು. ಫೋಟೋ ಕಳಿಸಿದೆ. ಬಂದ ಉತ್ತರ ಇನ್ನೂ ನನ್ನ ವಾಟ್ಸಾಪ್‌ನಲ್ಲಿದೆ: "ಒಣಗಿದೆ ಅಂದ್ರೆ ಒಳ್ಳೇದು ಸಾರ್, ಅಲ್ಲಿ ಗಾಳಿ ಆಡ್ತಿದೆ. ಬೇಕಾದ್ರೆ ಇನ್ನೊಂದು ಪ್ಯಾಡ್ ಹಾಕಿ."

ಗಾಳಿ ಆಡುತ್ತಿದೆಯಂತೆ! ನಾನು ನಂಬಿದೆ. ಇನ್ನೊಂದು ಪ್ಯಾಡೂ ಹಾಕಿದೆ.

ಮಾರ್ಚ್‌ನಲ್ಲಿ ಕಾಫಿ ಹೂ ಬಿಡಿಸುವ ಹೂಮಳೆ ಬಿದ್ದ ವಾರ ಉಳಿಯಲು ಬಂದವರ ಜೊತೆ ಒಬ್ಬ ಹಿರಿಯರಿದ್ದರು. ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಗೌರಿಯನ್ನು ನೋಡಿದ್ದೇ "ಪ್ಯಾಡೆಲ್ಲಾ ತೆಗಿಯಪ್ಪಾ" ಅಂದರು. ಬರೀ ಬೆನ್ನ ಮೇಲೆ ಜೀನು ಇಟ್ಟರು. ಹೆಗಲ ಪಕ್ಕ ಜೀನಿನ ಕೆಳಗೆ ಕೈ ಹಾಕಲು ಹೇಳಿದರು. ನನ್ನ ಬೆರಳು ಅಲ್ಲೇ ಸಿಕ್ಕಿಕೊಂಡಿತು. ಹುಡುಗ ಗೌರಿಯನ್ನು ನಾಲ್ಕು ಹೆಜ್ಜೆ ನಡೆಸಿದ. ಅಯ್ಯಪ್ಪಾ, ಕೈ ಜಜ್ಜಿಹೋಯಿತು. "ನಿನಗೆ ನಾಲ್ಕು ಹೆಜ್ಜೆಗೆ ಹೀಗೆ. ಅದಕ್ಕೆ ದಿನಾ" ಅಂದರು. ಅಷ್ಟೇ ಅಂದಿದ್ದು. ಲಾಯದ ಹುಡುಗ ನನ್ನ ಮುಖ ನೋಡಲಿಲ್ಲ.

ಅವರು ಹೇಳಿದ್ದು ಇದು. ಜೀನಿನ ಒಳಗೆ ಮರದ್ದೋ ಫೈಬರ್‌ದೋ ಒಂದು ಅಸ್ಥಿಪಂಜರ ಇರುತ್ತದೆ, ಟ್ರೀ ಅನ್ನುತ್ತಾರೆ. ಅದರ ಅಗಲ ಕುದುರೆಯ ಮೈಗೆ ಹೊಂದಬೇಕು. ನನಗೆ ಬಂದಿದ್ದು ಎತ್ತರದ ವಿದರ್ಸ್ ಇರುವ, ಸಪೂರ ರೇಸ್ ಕುದುರೆಯದ್ದು. ಗೌರಿಯ ಅಗಲ ಬೆನ್ನಿನ ಮೇಲೆ ಅದು ಕೂರಲೇ ಇಲ್ಲ, ಮೇಲೆ ಸಿಕ್ಕಿಹಾಕಿಕೊಂಡು ನಿಂತಿತ್ತು. ಮುಷ್ಟಿ ಹೋಗಿದ್ದು ಅದಕ್ಕೇ! ಜಾಗ ಕಮ್ಮಿ ಇದ್ದರೂ ತಪ್ಪು, ಹೀಗೆ ವಿಪರೀತ ಇದ್ದರೂ ತಪ್ಪು. ಕುದುರೆ ಮುಂಗಾಲು ಚಾಚಿದಾಗಲೆಲ್ಲ ಹೆಗಲ ಮೂಳೆಯ ಮೇಲ್ತುದಿ ಹಿಂದಕ್ಕೆ ಸರಿಯುತ್ತದೆ, ಪ್ರತಿ ಹೆಜ್ಜೆಗೂ ಟ್ರೀಗೆ ಗುದ್ದುತ್ತಿತ್ತು. ಮುಂದೆ ಎದ್ದು ನಿಂತ ಜೀನಿನಲ್ಲಿ ನಾನು ಹಿಂದಕ್ಕೆ ಜಾರಿ ಕೂರುತ್ತಿದ್ದೆ, ನನ್ನ 78 ಕಿಲೋ ಕೊನೆಯ ಪಕ್ಕೆಲುಬು ದಾಟಿ ಸೊಂಟದ ಮೇಲೆ. ಅಲ್ಲಿ ಭಾರ ತಡೆಯಲು ಕೆಳಗೆ ಪಕ್ಕೆಲುಬಿನ ಆಸರೆಯೇ ಇಲ್ಲ. ಒಣಗಿದ ಜಾಗದಲ್ಲಿ ಗಾಳಿ ಆಡುತ್ತಿರಲಿಲ್ಲ. ಒತ್ತಡಕ್ಕೆ ಬೆವರೇ ಬರದಂತೆ ಆಗಿತ್ತು. ಇನ್ನೊಂದು ಪ್ಯಾಡ್ ಹಾಕಿದ್ದು, ಬಿಗಿಯಾದ ಬೂಟಿಗೆ ಎರಡು ಜೊತೆ ಕಾಲುಚೀಲ ಹಾಕಿದ ಹಾಗೆ.

ಪಶುವೈದ್ಯರು ಬಂದು ನೋಡಿದರು. ಕೂದಲು ಉದುರಿ ಚರ್ಮ ಗಟ್ಟಿಯಾಗಿ ಊದಿತ್ತು. ಎರಡು ತಿಂಗಳು ಜೀನು ಮುಟ್ಟಿಸಬೇಡಿ ಅಂದರು. ಈಗ ಅಲ್ಲಿ ಬಿಳಿ ಕೂದಲು ಬಂದಿದೆ, ಬುಡದಲ್ಲಿ ಬಣ್ಣ ಕೊಡುವ ಜೀವಕೋಶ ಸತ್ತರೆ ಬಣ್ಣ ವಾಪಸ್ ಬರುವುದಿಲ್ಲವಂತೆ. ಹೋಂಸ್ಟೇಗೆ ಬಂದ ಮಗುವೊಂದು "ಅಂಕಲ್, ಇದು ಹುಟ್ಟುಮಚ್ಚೆನಾ?" ಅಂತ ಕೇಳಿತು. ಹೌದು ಅಂದೆ.

ಮತ್ತೆ ಫೋನ್ ಮಾಡಿದಾಗ ಆಸಾಮಿ ಏನಂದ ಗೊತ್ತಾ? "ನಿಮ್ಮ ಕುದುರೆ ಶೇಪ್ ಸರಿಯಿಲ್ಲ ಸಾರ್." ಆಮೇಲೆ "ನಿಮ್ಮ ತೂಕಾನೂ ಸ್ವಲ್ಪ ಜಾಸ್ತಿ." ದುಡ್ಡು ವಾಪಸ್ ಕೊಡು ಅಂದೆ. ನೀಲಿ ಟಿಕ್ ಬಂತು. ಬ್ಲಾಕ್ ಮಾಡಿದ.

ನನ್ನಷ್ಟು ಪೆದ್ದರು ನೀವಲ್ಲ, ಆದರೂ ಹೇಳುತ್ತೇನೆ. ಪ್ಯಾಡ್ ಹಾಕಿ ತೋರಿಸುವವನನ್ನು ನಂಬಬೇಡಿ, ಬರೀ ಬೆನ್ನ ಮೇಲೆ ಇಡಿಸಿ. ಹೆಗಲ ಮೂಳೆಯ ಎರಡು ಬೆರಳು ಹಿಂದೆ ಒಂದು ದಪ್ಪ ತಂತಿ ಬಗ್ಗಿಸಿ ಬೆನ್ನಿನ ಆಕಾರ ತೆಗೆಯಿರಿ, ರಟ್ಟಿನ ಮೇಲೆ ಗೀಚಿ ಕತ್ತರಿಸಿ ಜೀನು ನೋಡಲು ಹೋಗುವಾಗ ಜೊತೆಗೆ ಒಯ್ಯಿರಿ. ಮಳೆಗಾಲ ಕಳೆದ ಮೇಲೆ ಮತ್ತೆ ತೆಗೆಯಿರಿ, ನಾಲ್ಕು ತಿಂಗಳು ಲಾಯದಲ್ಲಿ ನಿಂತ ಕುದುರೆಯ ಮೈ ಮೊದಲಿನಂತೆ ಇರುವುದಿಲ್ಲ. ಒಂದು ವಾರ ಓಡಿಸಿ ನೋಡದೆ ದುಡ್ಡು ಕೊಡಬೇಡಿ. ಬಿಲ್ ಇಲ್ಲದೆ ಅಂತೂ ಬೇಡವೇ ಬೇಡ.

ಮೊನ್ನೆ ಗೋಣಿಕೊಪ್ಪದ ಪರಿಚಯದವರೊಬ್ಬರು ಒಂದು ಫೋಟೋ ಕಳಿಸಿ "ಈ ಜೀನು ಹೇಗಿದೆ, ತಗೊಳ್ಳಲಾ?" ಅಂತ ಕೇಳಿದರು. ಅದೇ ಜೀಪು, ಅದೇ ದಪ್ಪ ಪ್ಯಾಡು. ಈ ಸಲ ಜರ್ಮನಿಯ ಮಾಲಂತೆ, 45 ಸಾವಿರವಂತೆ.