ಟರ್ಬೊ ಡೀಸೆಲ್ ಪಿಕಪ್: ಮುಳ್ಳಿನ ಗೇಜೋ, ಒಬಿಡಿ ಪರದೆಯೋ?

ಎಂಜಿನ್ನಿನ ತಾಪ, ಒತ್ತಡಗಳ ಮೇಲೆ ಕಣ್ಣಿಡಲು ಮುಳ್ಳಿನ ಗೇಜು ಕೊಳ್ಳುವುದೋ, ಒಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿಗೆ) ಸಿಕ್ಕಿಸುವ ಪರದೆಯೋ ಎಂದು ಆರಿಸುವಾಗ, ಬೆಲೆಗಿಂತ ಮೊದಲು ನೋಡಬೇಕಾದುದು ಗಾಡಿಯ ವಯಸ್ಸು. ಅಮೆರಿಕದ ಡಾಡ್ಜ್ ರಾಮ್ ಅನ್ನೇ ತೆಗೆದುಕೊಂಡರೆ, 1990ರ ದಶಕದ 12 ವಾಲ್ವ್ ಕಮಿನ್ಸ್ ಎಂಜಿನ್ನಿನಲ್ಲಿ ಹೊಗೆಯ ತಾಪ ಅಳೆಯುವ ಸೆನ್ಸರೇ ಇಲ್ಲದ ಕಾರಣ, ಒಬಿಡಿ ಪರದೆಗೆ ತೋರಿಸಲು ಹೆಚ್ಚೇನೂ ಸಿಗುವುದಿಲ್ಲ; ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಮತ್ತು ತಾಪದ ಪ್ರತ್ಯೇಕ ಗೇಜುಗಳೇ ಬೇಕು. ಅದರ ನಂತರದ 24 ವಾಲ್ವ್ ಗಾಡಿಗೆ, 2002ರವರೆಗಿನದಕ್ಕೆ, ಇಂಧನ ಒತ್ತಡದ ಗೇಜನ್ನೇ ಮೊದಲು ಕೊಳ್ಳುವುದು ಲೇಸು: ಟ್ಯಾಂಕಿನಿಂದ ಡೀಸೆಲ್ ಎತ್ತಿಕೊಡುವ ಲಿಫ್ಟ್ ಪಂಪ್ ಸೋತರೆ ದುಬಾರಿ ಇಂಜೆಕ್ಷನ್ ಪಂಪೂ ಕೆಡುತ್ತದೆ.

ಅಳವಡಿಕೆಯಲ್ಲಿ ಪರದೆ ಸುಲಭ, ಪೋರ್ಟಿಗೆ ಸಿಕ್ಕಿಸಿದರೆ ಸಾಕು. ತಾಪದ ಗೇಜಿಗಾದರೋ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆ) ಕೊರೆದು ಥ್ರೆಡ್ ಹಾಕಬೇಕು, ಲೋಹದ ಪುಡಿ ಟರ್ಬೊ ಒಳಗಿನ ಟರ್ಬೈನ್ ಚಕ್ರಕ್ಕೆ ಸೇರದಂತೆ ನೋಡಿಕೊಳ್ಳಬೇಕು.

ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಹೊಸ ಗಾಡಿಗಳಲ್ಲಿ ತಾಪದ ಸೆನ್ಸರುಗಳು ಮೊದಲೇ ಇರುವುದರಿಂದ ಪರದೆಯೇ ಅಗ್ಗ. ಆದರೆ ಅವುಗಳ ಸೆನ್ಸರುಗಳು ಸಾಮಾನ್ಯವಾಗಿ ಟರ್ಬೊ ದಾಟಿದ ಮೇಲಿನ ತಾಪವನ್ನು ಅಳೆಯುವುದರಿಂದ, ಭಾರದ ಟ್ರೈಲರ್ ಎಳೆದು ಘಾಟಿ ಹತ್ತುವವರು ಟರ್ಬೊಗೆ ಮುಂಚಿನ ತಾಪ 700 ಡಿಗ್ರಿ ಸೆಲ್ಸಿಯಸ್ ಸಮೀಪಿಸುವುದನ್ನು ತಿಳಿಯಲು ಒಂದು ಮುಳ್ಳಿನ ಗೇಜನ್ನೂ ಜೊತೆಗೆ ಇಟ್ಟುಕೊಳ್ಳಬೇಕು.